ಪಠ್ಯದ ಟ್ರಾನ್ಸ್‌ಫಾರ್ಮ್‌ಗೆ ಬದಲಾಗದ ರ‍್ಯಾಪರ್ ಏಕೆ ಬೇಕು?

ಜಾವಾದಲ್ಲಿ ಅಕ್ಷರಗಳನ್ನು ಓರೆ ಮಾಡಲು, ಹಿಗ್ಗಿಸಲು, ತಿರುಗಿಸಲು ಬಳಸುವ ಆಫೈನ್‌ಟ್ರಾನ್ಸ್‌ಫಾರ್ಮ್‌ನ ತಿರುಳು ಆರು ಡಬಲ್ (ದಶಮಾಂಶ) ಸಂಖ್ಯೆಗಳು, ಅಂದರೆ ಒಂದು ಮ್ಯಾಟ್ರಿಕ್ಸ್ (ಸಂಖ್ಯೆಗಳ ಕೋಷ್ಟಕ). ಆಬ್ಜೆಕ್ಟ್ ಕೈಯಲ್ಲಿರುವ ಯಾರು ಬೇಕಾದರೂ ಸ್ಕೇಲ್, ಶಿಯರ್, ರೊಟೇಟ್ ಕರೆದು ಅವನ್ನು ಬದಲಿಸಬಹುದು. ಚಿತ್ರ ಬಿಡಿಸುವ ಕೋಡಿಗೆ ಇದು ಅನುಕೂಲ. ಪಠ್ಯಕ್ಕೆ ಮಾತ್ರ ಅಪಾಯ.

ಏಕೆಂದರೆ ಪಠ್ಯದ ಗುಣಗಳನ್ನು ಒಂದು ಕಡೆ ಬರೆದಿಟ್ಟು, ಲೇಔಟನ್ನು ಇನ್ನೆಲ್ಲೋ, ಎಷ್ಟೋ ಹೊತ್ತಿನ ಮೇಲೆ ಮಾಡುತ್ತೇವೆ. ಶೀರ್ಷಿಕೆಗೆ ಕೊಟ್ಟ ಮ್ಯಾಟ್ರಿಕ್ಸನ್ನೇ ಮುಂದಿನ ಸಾಲಿಗೆಂದು ಎರಡು ಪಟ್ಟು ಹಿಗ್ಗಿಸಿದರೆ, ಇನ್ನೂ ಲೇಔಟ್ ಆಗದ ಶೀರ್ಷಿಕೆಯೂ ಹಿಗ್ಗುತ್ತದೆ; ಆಗಲೇ ಲೇಔಟ್ ಆಗಿದ್ದರೆ ಹಿಗ್ಗುವುದಿಲ್ಲ. ಒಂದೇ ಕೋಡ್, ಎರಡು ಫಲ. ಅದೇ ಮ್ಯಾಟ್ರಿಕ್ಸ್ ಫಾಂಟ್ ಕ್ಯಾಶಿನ (ತಯಾರಾದ ಫಾಂಟುಗಳ ಸಂಗ್ರಹದ) ಕೀ ಆಗಿದ್ದರಂತೂ ಕಷ್ಟ ಇನ್ನೂ ಹೆಚ್ಚು: ಬೆಲೆ ಬದಲಾದಾಗ ಅದರಿಂದ ಲೆಕ್ಕ ಹಾಕುವ ಹ್ಯಾಷ್‌ಕೋಡ್ ಬದಲಾಗುತ್ತದೆ, ಹಳೆಯ ನಮೂದು ಹುಡುಕಿದರೆ ಸಿಗುವುದಿಲ್ಲ, ಮೆಮೊರಿಯಿಂದ ತೊಲಗುವುದೂ ಇಲ್ಲ.

ಇದಕ್ಕೆಂದೇ ಟ್ರಾನ್ಸ್‌ಫಾರ್ಮ್‌ಆಟ್ರಿಬ್ಯೂಟ್ ಎಂಬ ಪುಟ್ಟ ರ‍್ಯಾಪರ್ (ಇನ್ನೊಂದು ಆಬ್ಜೆಕ್ಟನ್ನು ಒಳಗಿಟ್ಟು ಕಾಪಾಡುವ) ಕ್ಲಾಸ್ ಇದೆ. ಕೊಟ್ಟ ಮ್ಯಾಟ್ರಿಕ್ಸನ್ನು ನಕಲು ಮಾಡಿ ಒಳಗಿಟ್ಟುಕೊಳ್ಳುತ್ತದೆ; ಕೇಳಿದಾಗ ಮತ್ತೊಂದು ನಕಲು ಕೊಡುತ್ತದೆ. ಈ ಎರಡು ನಕಲುಗಳಲ್ಲಿ ಯಾವುದನ್ನು ಬಿಟ್ಟರೂ ಬದಲಾಗದಿರುವಿಕೆ ಬರೀ ಹೆಸರಿಗೆ. ನಲ್ ಕೊಟ್ಟರೆ ಏನನ್ನೂ ಬದಲಿಸದ ಐಡೆಂಟಿಟಿ ಮ್ಯಾಟ್ರಿಕ್ಸ್ ಎಂದೇ ತಿಳಿಯುತ್ತದೆ. ಆದರೂ ಅಂಥ ಕಡೆ ಜಾವಾ 6ರಲ್ಲಿ ಬಂದ ಐಡೆಂಟಿಟಿ ಸ್ಥಿರಾಂಕವನ್ನು ಬಳಸುವುದೇ ಸರಿ. ಈಕ್ವಲ್ಸ್, ಹ್ಯಾಷ್‌ಕೋಡ್ ಬಂದದ್ದೂ ಅದೇ ಆವೃತ್ತಿಯಲ್ಲಿ. ಅವಿಲ್ಲದಿದ್ದರೆ ಒಂದೇ ಬೆಲೆಯ ಎರಡು ರ‍್ಯಾಪರ್‌ಗಳು ಬೇರೆ ಬೇರೆ ಎಂದು ಲೆಕ್ಕವಾಗುತ್ತವೆ. ಫಾಂಟ್‌ನ ಡಿರೈವ್‌ಫಾಂಟ್‌ಗೆ ಮ್ಯಾಟ್ರಿಕ್ಸನ್ನು ನೇರವಾಗಿಯೇ ಕೊಡಬಹುದು. ಆಟ್ರಿಬ್ಯೂಟೆಡ್‌ಸ್ಟ್ರಿಂಗ್‌ಗೆ ಮಾತ್ರ ರ‍್ಯಾಪರನ್ನೇ ಕೊಡಬೇಕು. ಅಲ್ಲಿ ಬೆಲೆಯ ಬಗೆ ಬರೀ ಆಬ್ಜೆಕ್ಟ್ ಆದ್ದರಿಂದ ತಪ್ಪಿ ಮ್ಯಾಟ್ರಿಕ್ಸನ್ನೇ ಕೊಟ್ಟರೂ ಕಂಪೈಲರ್ ನಿಮ್ಮನ್ನು ತಡೆಯುವುದಿಲ್ಲ.

ನಿಮ್ಮದೇ ರೆಂಡರಿಂಗ್ ಲೈಬ್ರರಿಗೆ ಇಂಥದ್ದನ್ನು ಬರೆಯುವಾಗ ಕ್ಲಾಸೂ ಫೈನಲ್, ಒಳಗಿನ ಫೀಲ್ಡೂ ಫೈನಲ್ ಇರಲಿ. ನಕಲಿಗೆ ಕ್ಲೋನ್ ಬೇಡ, ಕಾಪಿ ಕನ್‌ಸ್ಟ್ರಕ್ಟರ್ ಬಳಸಿ: ಆಫೈನ್‌ಟ್ರಾನ್ಸ್‌ಫಾರ್ಮ್ ಫೈನಲ್ ಅಲ್ಲ, ಅದರ ಸಬ್‌ಕ್ಲಾಸ್ ಒಂದು ಕ್ಲೋನನ್ನು ತನಗೆ ಬೇಕಾದಂತೆ ಬರೆದುಕೊಂಡಿರಬಹುದು. ಮೊದಲು ನಕಲು, ಆಮೇಲೆ ತಪಾಸಣೆ, ಅದೂ ನಕಲಿನ ಮೇಲೆ. ತಿರುಗುಮುರುಗಾದರೆ ತಪಾಸಣೆಗೂ ನಕಲಿಗೂ ನಡುವೆ ಬೇರೆ ಥ್ರೆಡ್ ಬೆಲೆ ಬದಲಿಸಲು ಎಡೆ ಸಿಗುತ್ತದೆ. ನ್ಯಾನ್ (ಸಂಖ್ಯೆಯೇ ಅಲ್ಲದ ಬೆಲೆ) ಬಂದರೆ ಕನ್‌ಸ್ಟ್ರಕ್ಟರಿನಲ್ಲೇ ಎಕ್ಸೆಪ್ಷನ್ ಎಸೆಯಿರಿ. ಅದು ತನಗೆ ತಾನೇ ಸಮವಲ್ಲ, ಕ್ಯಾಶಿನ ಕೀಗೆ ಲಾಯಕ್ಕಲ್ಲ.

ನಕಲು ದುಬಾರಿ ಎಂಬ ಹೆದರಿಕೆ ಬೇಡ. ಆರು ಡಬಲ್ ಎಂದರೆ 48 ಬೈಟ್, ಜೊತೆಗೆ ಒಂದಿಷ್ಟು. ಆದರೆ ಪ್ರತಿ ಗ್ಲಿಫ್‌ಗೂ (ಅಕ್ಷರದ ರೂಪಕ್ಕೂ) ಗೆಟ್‌ಟ್ರಾನ್ಸ್‌ಫಾರ್ಮ್ ಕರೆದರೆ ಪುಟವೊಂದಕ್ಕೆ ಸಾವಿರಾರು ಕಸದ ಆಬ್ಜೆಕ್ಟ್ ಹುಟ್ಟುತ್ತವೆ. ಲೂಪಿನ ಹೊರಗೆ ಒಮ್ಮೆ ತೆಗೆದುಕೊಳ್ಳಿ. ನಿಮ್ಮದೇ ಕ್ಲಾಸ್ ಆದರೆ ಮ್ಯಾಟ್ರಿಕ್ಸನ್ನು ಹೊರಗೆ ಕೊಡುವ ಬದಲು ಬಿಂದುವನ್ನು ಒಳಗೆ ಪಡೆದು ಲೆಕ್ಕ ಹಾಕಿಕೊಡುವ ಮೆಥಡ್ ಇಡಿ. ಇದು ಎಲ್ಲಕ್ಕಿಂತ ಒಳ್ಳೆಯ ದಾರಿ.

ಸಮತೆಯಲ್ಲಿ ಇನ್ನೊಂದು ತೊಡಕಿದೆ. 45 ಡಿಗ್ರಿ ಎರಡು ಸಲ ತಿರುಗಿಸಿದ ಮ್ಯಾಟ್ರಿಕ್ಸ್ 90 ಡಿಗ್ರಿಯದಕ್ಕೆ ಕೊನೆಯ ಬಿಟ್‌ವರೆಗೂ ಸಮವಾಗುತ್ತದೆ ಎಂಬ ಖಾತ್ರಿಯಿಲ್ಲ. ಕಾಲು ಸುತ್ತುಗಳಿಗೆ ಕ್ವಾಡ್ರಂಟ್ ರೊಟೇಟ್ ಮೆಥಡ್‌ಗಳೇ ಸರಿ. ಉಳಿದ ಕೋನಗಳಿಗೆ, ರ‍್ಯಾಪರ್ ಒಳಗೆ ಹಾಕುವ ಮುನ್ನ ಪ್ರತಿ ಬೆಲೆಯನ್ನು 1/65536ಕ್ಕೆ ಸರಿಹೊಂದಿಸಬಹುದು; ಫಾಂಟ್ ಬಿಡಿಸುವ ಲೈಬ್ರರಿಯಾದ ಫ್ರೀಟೈಪ್‌ನ ಮ್ಯಾಟ್ರಿಕ್ಸಿನಲ್ಲೂ ಇರುವುದು ಇಷ್ಟೇ ಸೂಕ್ಷ್ಮತೆ.

ಫ್ರೀಟೈಪ್‌ನಿಂದ ಬಂದವರು ಎಡವುವುದು ಓರೆಯ ಚಿಹ್ನೆಯಲ್ಲಿ. ಅಲ್ಲಿ ವೈ ಅಕ್ಷ ಮೇಲ್ಮುಖ. ಅದರ ಸಿದ್ಧ ಓರೆ ಸುಮಾರು +0.2126, ಅಂದರೆ 12 ಡಿಗ್ರಿ. ಜಾವಾದಲ್ಲಿ ವೈ ಕೆಳಮುಖ, ಅಕ್ಷರದ ನೆತ್ತಿಯ ವೈ ಬೆಲೆ ಋಣ. ಹಾಗಾಗಿ ಬಲಕ್ಕೆ ವಾಲಿಸಲು ಶಿಯರ್ –0.2 ಆಗಬೇಕು. ಟ್ರಾನ್ಸ್‌ಫಾರ್ಮ್ ಮೂಲಕ ಎರಡು ಪಟ್ಟು ಹಿಗ್ಗಿಸಿದ 12ರ ಫಾಂಟ್, ಗೆಟ್‌ಸೈಜ್ ಕೇಳಿದರೆ 12 ಎಂದೇ ಹೇಳುತ್ತದೆ. ತಿರುಗಿಸಿದ ಪಠ್ಯದ ಅಸೆಂಟ್ (ಅಕ್ಷರ ಕೂರುವ ಗೆರೆಯಾದ ಬೇಸ್‌ಲೈನಿನ ಮೇಲಿನ ಎತ್ತರ), ಡಿಸೆಂಟ್ (ಅದರ ಕೆಳಗಿನ ಆಳ), ಅಡ್ವಾನ್ಸ್ (ಪಠ್ಯದ ಉದ್ದ) ಕೂಡ ತಿರುಗಿದ ಬೇಸ್‌ಲೈನಿಗೆ ತಕ್ಕಂತೆ ಅಳೆದವು, ತಿರುಗಿಸದ ಪಠ್ಯದಷ್ಟೇ ಬರುತ್ತವೆ; ಅವನ್ನು ನಂಬಿ ಚೌಕಟ್ಟು ಹಾಕಿದರೆ ಅಕ್ಷರ ಕತ್ತರಿಸಿಹೋಗುತ್ತದೆ. ಟೆಕ್ಸ್ಟ್‌ಲೇಔಟ್‌ನ ಗೆಟ್‌ಬೌಂಡ್ಸ್ ಬಳಸಿ.

ಕನ್ನಡ ಪಠ್ಯಕ್ಕೆ ಇನ್ನೂ ಒಂದು ಎಚ್ಚರ ಬೇಕು. ಟ್ರಾನ್ಸ್‌ಫಾರ್ಮ್ ಬದಲಾದಲ್ಲಿ ರನ್ (ಒಂದೇ ಗುಣಗಳ ಪಠ್ಯದ ತುಂಡು) ಒಡೆಯುತ್ತದೆ, ಪ್ರತಿ ರನ್ನಿನ ಶೇಪಿಂಗ್ (ಅಕ್ಷರ, ಒತ್ತುಗಳನ್ನು ಕೂಡಿಸುವ ಕೆಲಸ) ಬೇರೆಯಾಗಿ ನಡೆಯುತ್ತದೆ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ, ಒಳಗೆ ಆರು ಕೋಡ್ ಪಾಯಿಂಟ್ (ಯೂನಿಕೋಡ್ ಸಂಕೇತ). ಆಟ್ರಿಬ್ಯೂಟಿನ ಗಡಿ ಎರಡನೆಯದರ ಆಚೆಗೆ ಬಿದ್ದರೆ ಒಂದು ಕಡೆ ‘ಸ್’, ಇನ್ನೊಂದು ಕಡೆ ‘ತ್ರೀ’ ಉಳಿಯುತ್ತವೆ. ಒತ್ತು ಕೂಡುವುದೇ ಇಲ್ಲ. ಗಡಿಯ ಹಿಂದಿನ ಚಿಹ್ನೆ ವಿರಾಮವೋ (‘ಸ್’ನಲ್ಲಿರುವ ಅರ್ಧಾಕ್ಷರದ ಗುರುತೋ), ಮುಂದಿನದು ಸ್ವರಚಿಹ್ನೆ, ವಿರಾಮ, ಅನುಸ್ವಾರ, ವಿಸರ್ಗಗಳಲ್ಲೊಂದೋ ಎಂದು ನೋಡಿ, ಹೌದಾದರೆ ಗಡಿಯನ್ನು ಒಂದೊಂದೇ ಸ್ಥಾನ ಮುಂದೆ ಸರಿಸುತ್ತಾ ಹೋಗಿ.