ಸಿಂಬೆಯೊಳಗಿನ ನಕ್ಷತ್ರ

ಸಂಕ್ರಾಂತಿಗೆ ಇನ್ನೂ ಒಂದು ವಾರ ಇತ್ತು. ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಪಾಂಡವಪುರದಲ್ಲಿ ಮೇಲುಕೋಟೆ ಬಸ್ಸು ಹತ್ತಿದೆ. ನಮ್ಮೂರು ಹತ್ತಿರ ಬರ್ತಿದ್ದ ಹಾಗೆ ರೋಡಿನ ತುಂಬ ರಾಗಿ ತೆನೆ. ಚಕ್ರಕ್ಕೆ ಹುಲ್ಲು ಸುತ್ತಿಕೊಂಡು ಡ್ರೈವರು ಬೈಯುತ್ತಲೇ ಗಾಡಿ ಓಡಿಸುತ್ತಿದ್ದರು. ಬೈಸಿಕೊಳ್ಳಬೇಕಾದವರ ಪೈಕಿ ನಮ್ಮಣ್ಣನೂ ಒಬ್ಬ ಅಂತ ಗೊತ್ತಿದ್ದರಿಂದ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಸಗಣಿ ಸಾರಿಸಿ, ಮೇಟಿ ನೆಟ್ಟು, ಎತ್ತು ಹೂಡಿ ರೋಣಗಲ್ಲು ಹೊಡೆಸುವ ಪುರಸೊತ್ತು ಈಗ ಯಾರಿಗಿದೆ? ಟಾರ್ ರೋಡೇ ಕಣ, ಬಸ್ಸೇ ರೋಣಗಲ್ಲು.

ಮನೆಗೆ ಕಾಲಿಡೋ ಮೊದಲೇ ಅಣ್ಣನ ಮಗ ಅಡ್ಡ ಬಂದ. ಒಂಬತ್ತನೇ ಕ್ಲಾಸು. "ಅತ್ತೆ, ಸೋಮವಾರ ನಮ್ ಸ್ಕೂಲಲ್ಲಿ ಸೈನ್ಸ್ ಎಕ್ಸಿಬಿಷನ್ನು. ನಾನು ಜೋಡಿ ನಕ್ಷತ್ರ ಮಾಡೀನಿ, ನೋಡ್ಬಾ."

ನನಗೆ ಖುಷಿಯಾಯಿತು. ನಮ್ಮ ಜಿಲ್ಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ಅಂದರೆ ಕನ್ನಂಬಾಡಿ ಕಟ್ಟೆ. ಇಪ್ಪತ್ತು ವರ್ಷದಿಂದ ಗಣಿತ ಪಾಠ ಮಾಡ್ತಿದ್ದೀನಿ, ಸೋರದ ಒಂದು ಕನ್ನಂಬಾಡಿಯನ್ನೂ ಕಂಡಿಲ್ಲ. ಎರಡನೇ ಸ್ಥಾನ ಅಡುಗೆ ಸೋಡ ಹಾಕಿ ಉಕ್ಕಿಸುವ ಜ್ವಾಲಾಮುಖಿಗೆ. ಅದರ ನಡುವೆ ಒಬ್ಬ ನಕ್ಷತ್ರ ಮಾಡ್ತೀನಿ ಅಂದರೆ!

ಜಗಲಿ ಮೇಲೆ ಇಟ್ಟಿದ್ದ. ಥರ್ಮಕೋಲ್ ಮೇಲೆ ಎರಡು ಹಿಪ್ಪುನೇರಳೆ ಕಡ್ಡಿ, ಅದರ ತುದಿಯಲ್ಲಿ ಊಟದ ತಟ್ಟೆ ಇಟ್ಟು ಗೀಚಿ ಕತ್ತರಿಸಿದ ಎರಡು ರಟ್ಟು, ರಟ್ಟಿನ ಮೇಲೆ ಗೋಂದು ಬಳಿದು ಉದುರಿಸಿದ ರಾಗಿ ಹೊಟ್ಟು, ನಡುವೆ ಒಂದೊಂದು ಎಲ್‌ಇಡಿ ಬಲ್ಬು. ಎರಡೂ ತಟ್ಟೆ ಒಂದೇ ಮಟ್ಟಕ್ಕೆ, ಅಂಗಡಿಯ ತಕ್ಕಡಿ ಹಾಗೆ. ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ ಮಾಡಿದ್ದಂತೆ.

"ಇದು ಯಾವ ನಕ್ಷತ್ರಾನೋ?"

"ಯಾವ್ದೋ ಒಂದು."

ಈ 'ಯಾವ್ದೋ ಒಂದು' ನನಗಾಗದ ಮಾತು. ಉತ್ತರಪತ್ರಿಕೆಯಲ್ಲಿ ಕಂಡರೂ ಅಷ್ಟೇ, ಮನೆಯಲ್ಲಿ ಕೇಳಿದರೂ ಅಷ್ಟೇ. ಟೀ ಕುಡಿದು ಇಬ್ಬರೂ ಫೋನು ಹಿಡಿದು ಕೂತೆವು. ಹುಡುಕಿ ಹುಡುಕಿ ಕಡೆಗೆ ಒಂದನ್ನು ಆರಿಸಿದೆವು: ಎಚ್‌ಕೆ ಟೌರಿ. ವೃಷಭ ರಾಶಿಯದು, ಸುಮಾರು 450 ಜ್ಯೋತಿರ್ವರ್ಷ ದೂರ. ಒಂದೇ ಅನಿಲದ ಮೋಡದಲ್ಲಿ ಹುಟ್ಟಿದ ಎರಡು ನಕ್ಷತ್ರ, ಎರಡಕ್ಕೂ ಬೇರೆ ಬೇರೆ ಧೂಳಿನ ತಟ್ಟೆ. ವಯಸ್ಸು 50 ಲಕ್ಷ ವರ್ಷಕ್ಕಿಂತ ಕಡಿಮೆ. ಸೂರ್ಯನಿಗೆ 460 ಕೋಟಿ. ನನಗೆ ಈಗ 46. ಸೂರ್ಯ ನನ್ನ ವಾರಿಗೆಯವನಾದರೆ ಈ ಜೋಡಿ ಹುಟ್ಟಿ ಹೆಚ್ಚೆಂದರೆ 18 ದಿನ, ಇನ್ನೂ ಬಾಣಂತಿ ಕೋಣೆ ದಾಟದ ಕೂಸುಗಳು.

"ಮತ್ತೆ ಸುತ್ತ ಧೂಳು ಯಾಕೆ?" ಅಂದ.

ಮೂಲೆಯಲ್ಲಿ ಬೀಸೋ ಕಲ್ಲಿತ್ತು, ಅದನ್ನೇ ತೋರಿಸಿದೆ. ಬೀಸಿದಾಗ ಹಿಟ್ಟು ಕಲ್ಲಿನ ಸುತ್ತ ಬಳೆಯ ಹಾಗೆ ಬೀಳುತ್ತಲ್ಲ, ಹಾಗೆ. ಆಮೇಲೆ ನಾನೇ ತಿದ್ದಬೇಕಾಯಿತು. ಕಲ್ಲಿನ ಹಿಟ್ಟು ನಡುವಿನಿಂದ ಆಚೆ ಬರುತ್ತೆ, ಅಲ್ಲಿ ನಡೆಯೋದು ತಿರುವುಮುರುವು. ಮೋಡ ತನ್ನ ಭಾರಕ್ಕೆ ತಾನೇ ಒಳಕ್ಕೆ ಕುಸಿಯುತ್ತೆ. ಕುಸಿಯುತ್ತ ಕುಸಿಯುತ್ತ ಅದರ ತಿರುಗಾಟ ಜೋರಾಗುತ್ತೆ, ತಿರುಗುವ ಸರಕೆಲ್ಲ ನೇರ ನಡುವಕ್ಕೆ ಬೀಳಲಾರದೆ ಚಪ್ಪಟೆಯಾಗಿ ಹರಡಿಕೊಳ್ಳುತ್ತೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಅನಿಲವೇ, ಧೂಳು ಒಂದು ಪಾಲು. ಆದರೆ ಬೆಳಕಿಗೆ ಅಡ್ಡ ನಿಲ್ಲೋದು ಆ ಒಂದು ಪಾಲು, ಮುಂದೆ ಭೂಮಿಯಂಥ ಗ್ರಹಗಳು ಗಂಟು ಕಟ್ಟೋದೂ ಅದರಿಂದಲೇ.

ಅವ್ವ ಒಳಗಿಂದಲೇ ಕೂಗಿದಳು. "ಜೋಡಿ ನಕ್ಷತ್ರ ಅಂದ್ರೆ ಅರುಂಧತಿ ವಸಿಷ್ಠ ಅಲ್ವೇನವ್ವ?"

ಅದೂ ಹೌದು. ಮದುವೆಯಲ್ಲಿ ಮಟಮಟ ಮಧ್ಯಾಹ್ನ ಪುರೋಹಿತರು ಮೇಲೆ ಬೆರಳು ತೋರಿಸಿ "ಕಾಣ್ತಾ?" ಅಂದರೆ "ಕಾಣ್ತು" ಅಂದವರೇ ಎಲ್ಲರೂ. ನಾನೂ ಅಂದಿದ್ದೆ. ಸಂಸಾರ ಶುರುವಾಗೋದೇ ಒಂದು ಸುಳ್ಳಿನಿಂದ.

ಇನ್ನಷ್ಟು ಓದಿದಾಗ ತಾಪತ್ರಯ ಗೊತ್ತಾಯಿತು. 2014ರಲ್ಲಿ ಎರಿಕ್ ಜೆನ್ಸೆನ್ ಮತ್ತು ರೇಚಲ್ ಏಕ್ಸನ್ ಅನ್ನೋ ವಿಜ್ಞಾನಿಗಳು ಚಿಲಿ ದೇಶದ ಅಟಕಾಮ ಮರುಭೂಮಿಯ ಆಲ್ಮಾ ದೂರದರ್ಶಕದಿಂದ ಇದನ್ನು ನೋಡಿ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದಾರೆ. ಎರಡೂ ತಟ್ಟೆ ಒಂದೇ ಮಟ್ಟದಲ್ಲಿಲ್ಲ, ಒಂದಕ್ಕೊಂದು 60 ಡಿಗ್ರಿಗೂ ಹೆಚ್ಚು ವಾಲಿಕೊಂಡಿವೆ. ಅಂದರೆ ನಕ್ಷತ್ರಗಳೆರಡೂ ಒಂದನ್ನೊಂದು ಸುತ್ತುವ ದಾರಿಗೆ ಎರಡೂ ತಟ್ಟೆ ಹೊಂದಿಕೊಳ್ಳೋಕೆ ಸಾಧ್ಯವೇ ಇಲ್ಲ, ಒಂದಾದರೂ ಓರೆ ಇರಲೇಬೇಕು. ಬೇರೆ ಸೂರ್ಯರ ಸುತ್ತ ಕೆಲವು ಗ್ರಹಗಳು ಯಾಕೆ ಅಡ್ಡಾದಿಡ್ಡಿ ದಾರಿ ಹಿಡಿದಿವೆ ಅನ್ನೋದಕ್ಕೆ ಇದೂ ಒಂದು ಕಾರಣ ಇರಬಹುದಂತೆ.

ಹುಡುಗನ ಮುಖ ಸಣ್ಣಗಾಯಿತು. ಬೆಳಗ್ಗೆಯಿಂದ ರಸಮಟ್ಟ ಇಟ್ಟು ಎರಡೂ ತಟ್ಟೆ ಸಮ ಮಾಡಿದ್ದನಂತೆ.

"ಅಲ್ಲಾ, ಅಷ್ಟು ದೂರದ್ದು ವಾಲಿದೆ ಅಂತ ಅವರಿಗೆ ಹೆಂಗೆ ಗೊತ್ತು?"

ಮೇಲುಕೋಟೆ ಬಸ್ಸಿನ ಹಾರನ್ನು ಹತ್ತಿರ ಬರುವಾಗ ಒಂದು ಥರ, ದಾಟಿ ಹೋಗುವಾಗ ಇನ್ನೊಂದು ಥರ ಕೇಳಿಸುತ್ತಲ್ಲ, ಅದೇ ಲೆಕ್ಕ ಅಂದೆ. ತಟ್ಟೆಯೊಳಗಿನ ಕಾರ್ಬನ್ ಮಾನಾಕ್ಸೈಡ್ ಅನಿಲ ಒಂದು ಮಗ್ಗುಲಲ್ಲಿ ನಮ್ಮ ಕಡೆ ಬರ್ತಿರುತ್ತೆ, ಇನ್ನೊಂದು ಮಗ್ಗುಲಲ್ಲಿ ದೂರ ಹೋಗ್ತಿರುತ್ತೆ. ಅದರ ಅಲೆಗಳನ್ನು ಆಲ್ಮಾ ಹಿಡಿಯುತ್ತೆ. 5,000 ಮೀಟರ್ ಎತ್ತರದ ಬಯಲಲ್ಲಿ 66 ಡಿಶ್ಶುಗಳು ಸೇರಿ ಒಂದೇ ಕಣ್ಣಾಗಿ ನೋಡುತ್ತವೆ. ಯಾವ ಮಗ್ಗುಲು ಬರ್ತಿದೆ, ಯಾವುದು ಹೋಗ್ತಿದೆ ಅಂತ ಗೊತ್ತಾದರೆ ತಟ್ಟೆ ಹೇಗೆ ಕೂತಿದೆ ಅಂತ ಲೆಕ್ಕ ಹಾಕಬಹುದು.

ಲೆಕ್ಕ ಅಂದ ಮೇಲೆ ನನ್ನನ್ನು ತಡೆಯೋರು ಯಾರು? ಅವನ ರಟ್ಟು ಒಂಬತ್ತು ಇಂಚು ಅಗಲ. ನಿಜವಾದ ತಟ್ಟೆ, ಅಂಚು ನಮ್ಮ ಕಡೆಗಿರುವ ಎರಡನೆಯದು, ಭೂಮಿಗೂ ಸೂರ್ಯನಿಗೂ ಇರುವ ದೂರದ ಸುಮಾರು 200 ಪಟ್ಟು ಅಗಲ. ಭಾಗಿಸಿ ನೋಡಿದರೆ ಭೂಮಿಯಿಂದ ಸೂರ್ಯನವರೆಗಿನ ಅಷ್ಟೂ ದೂರ ಒಂದು ಮಿಲಿಮೀಟರಿಗಿಂತ ಚೂರು ಹೆಚ್ಚು. ರಟ್ಟಿಗೆ ಅಂಟಿದ್ದ ಒಂದು ರಾಗಿ ಕಾಳನ್ನು ಉಗುರಲ್ಲಿ ಎಬ್ಬಿಸಿ ಅಂಗೈ ಮೇಲಿಟ್ಟು ತೋರಿಸಿದೆ. ಇಷ್ಟೇ ಕಣೋ. ನೆಪ್ಚೂನ್ ಸುತ್ತುವ ದಾರಿ ನನ್ನ ಕೈಬಳೆಯಷ್ಟು, ತೆಗೆದು ರಟ್ಟಿನ ಮೇಲಿಟ್ಟೆ. ಎರಡು ನಕ್ಷತ್ರದ ನಡುವೆ 5,800 ಕೋಟಿ ಕಿಲೋಮೀಟರ್, ಅದು ಒಂದು ಮೊಳ. ಅವನು ಗೇಣು ಅಂತರಕ್ಕೆ ನೆಟ್ಟಿದ್ದ ಕಡ್ಡಿಗಳನ್ನು ಕಿತ್ತು ಮೊಳ ಅಳೆದು ನೆಟ್ಟ.

"ಮತ್ತೆ ಅದನ್ನ ನೋಡೋರು, ನಾವು?"

ಅದನ್ನೂ ಹಾಕಿದೆ. 32 ಕಿಲೋಮೀಟರ್ ಬಂತು. ಅಂದರೆ ಚಾಮುಂಡಿ ಬೆಟ್ಟದ ಮೇಲೆ ಯಾರೋ ಎರಡು ಊಟದ ತಟ್ಟೆ ಹಿಡಿದು ನಿಂತಿದ್ದಾರೆ, ನಮ್ಮೂರ ಜಗಲಿಯಲ್ಲಿ ಕೂತು ಯಾವ ತಟ್ಟೆ ವಾಲಿದೆ ಅಂತ ಹೇಳಬೇಕು. ಹುಡುಗ ಬೆಟ್ಟದ ದಿಕ್ಕಿಗೆ ತಿರುಗಿ ಒಂದು ಗಳಿಗೆ ಸುಮ್ಮನೆ ನೋಡಿದ. ಕತ್ತಲಾಗಿತ್ತು, ಏನೂ ಕಾಣುತ್ತಿರಲಿಲ್ಲ.

ಊಟ ಆದಮೇಲೆ ಆಕಾಶ ನೋಡೋಣ ಅಂತ ಬೀದಿ ದೀಪ ತಪ್ಪಿಸಿಕೊಂಡು ಹುಲ್ಲಿನ ಮೆದೆ ಹಿಂದಕ್ಕೆ ಹೋದೆವು. ರೋಹಿಣಿ ಹೆಚ್ಚೂಕಡಿಮೆ ನೆತ್ತಿಗೆ ಬಂದಿತ್ತು, ಕೆಂಪಗೆ. ಅದರ ಆಚೆಗೆ ಕೃತ್ತಿಕೆಯ ಗೊಂಚಲು. ಕೈ ಚಾಚಿ ಮುಷ್ಟಿ ಹಿಡಿದು, ರೋಹಿಣಿಯಿಂದ ಉತ್ತರಕ್ಕೆ ಮುಷ್ಟಿಗಿಂತ ತುಸು ಕಡಿಮೆ ದೂರದಲ್ಲಿ ನಮ್ಮ ಜೋಡಿ ಇರಬೇಕು ಅಂದೆ. ಅಲ್ಲಿ ಇದ್ದದ್ದು ಕಪ್ಪು. ಬರಿಗಣ್ಣಿಗೆ ಕಾಣುವಷ್ಟು ಬೆಳಕು ಅದಕ್ಕಿಲ್ಲ. ರೋಹಿಣಿಯೇನೋ ಪಕ್ಕದ ಮನೆ, 65 ಜ್ಯೋತಿರ್ವರ್ಷ. ಎಚ್‌ಕೆ ಟೌರಿಯಿಂದ ಈಗ ಬಂದು ಮುಟ್ಟುವ ಬೆಳಕು ಹೊರಟಾಗ ರಾಜ ಒಡೆಯರು ಇನ್ನೂ ಶ್ರೀರಂಗಪಟ್ಟಣ ಗೆದ್ದಿರಲಿಲ್ಲ. ಅದು ಆದದ್ದು 1610ರಲ್ಲಿ.

"ಏನೂ ಇಲ್ಲ ಅತ್ತೆ ಅಲ್ಲಿ."

"ಇದೆ."

"ಮದ್ವೆ ಮನೇಲಿ ಅರುಂಧತಿ ತೋರ್ಸಿದಂಗಾಯ್ತು," ಅಂದ. ಅಜ್ಜಿಯ ಮೊಮ್ಮಗ.

ಒಳಗೆ ಬಂದು ಕೂತಾಗ ಇನ್ನೊಂದು ತಕರಾರು ಎದ್ದಿತು. ಹಬಲ್ ದೂರದರ್ಶಕದ ಚಿತ್ರದಲ್ಲಿ ಆ ಎರಡನೇ ನಕ್ಷತ್ರವೇ ಕಾಣುವುದಿಲ್ಲ. ಅದರ ತಟ್ಟೆಯ ಅಂಚು ನಮ್ಮ ಕಡೆಗೇ ಇರುವುದರಿಂದ ನಡುವೆ ಒಂದು ಕಪ್ಪು ಪಟ್ಟಿ, ಮೇಲೊಂದು ಕೆಳಗೊಂದು ಬೆಳಕಿನ ಗೀಟು, ಅಷ್ಟೇ. ಇದು 1998ರಲ್ಲೇ ಗೊತ್ತಾಗಿತ್ತು. ಇನ್ನೊಂದರ ತಟ್ಟೆ ನಮ್ಮ ಕಡೆ ಮುಖ ಮಾಡಿ ವಾಲಿರುವುದರಿಂದ ಆ ನಕ್ಷತ್ರ ಫಳ್ ಅಂತ ಹೊಳೆಯುತ್ತೆ, ಆ ಹೊಳಪಿನಲ್ಲಿ ಅದರ ತಟ್ಟೆ ಮುಳುಗಿಹೋಗಿತ್ತು. ನಮ್ಮ ರಟ್ಟೋ ತೆಳ್ಳಗೆ ಹಪ್ಪಳದಂತಿದೆ, ಅಂಚಿನಿಂದ ನೋಡಿದರೂ ಬಲ್ಬು ಮರೆಯಾಗದು. ದಪ್ಪ ಬೇಕು.

ಅವ್ವ ಭತ್ತದ ಹುಲ್ಲು ತರಿಸಿಕೊಂಡು, ಯಾಕೆ ಏನು ಅಂತ ಕೇಳದೆ, ತಟ್ಟೆ ಅಗಲಕ್ಕೆ ಒಂದು ಸಿಂಬೆ ಸುತ್ತಿಕೊಟ್ಟು ಮಲಗಲು ಹೋದಳು. ಎಷ್ಟು ಬಿಗಿ ಅಂದರೆ ಬೆರಳು ತೂರದು. ಐವತ್ತು ವರ್ಷ ಬಿಂದಿಗೆ ಹೊತ್ತವಳ ಸಿಂಬೆ. ಒಂದು ರಟ್ಟು ಕಿತ್ತು, ನಾಲ್ಕು ಕಡ್ಡಿಯ ಮೇಲೆ ಸಿಂಬೆಯನ್ನು ಸಮ ಕೂರಿಸಿ, ನಡುವೆ ಬಲ್ಬು ನಿಲ್ಲಿಸಿ, ಮೇಲೆ ಕೆಳಗೆ ಹೊಟ್ಟು ಅಂಟಿಸಿದೆವು. ನಿಜವಾದ ತಟ್ಟೆಯ ನಡುವೆ ಅಷ್ಟು ದೊಡ್ಡ ತೂತು ಇರೋದಿಲ್ಲ, ಅದು ನಾವು ಮಾಡಿಕೊಂಡ ಅನುಕೂಲ. ಇನ್ನೊಂದು ರಟ್ಟನ್ನು ಕೋನಮಾಪಕ ಹಿಡಿದು ಓರೆಗೆ ಅಂಟಿಸಿದ. ದೀಪ ಆರಿಸಿ, ಸ್ವಿಚ್ಚು ಹಾಕಿ, ಇಬ್ಬರೂ ಕುಕ್ಕರಗಾಲಲ್ಲಿ ಕೂತು ಸಿಂಬೆಯ ಮಟ್ಟಕ್ಕೆ ಕಣ್ಣಿಟ್ಟೆವು. ವಾಲಿದ ರಟ್ಟಿನಲ್ಲಿ ಬಲ್ಬು ಕಣ್ಣಿಗೆ ಹೊಡೆಯುತ್ತಿತ್ತು. ಸಿಂಬೆಯಲ್ಲಿ ಬಲ್ಬಿಲ್ಲ. ಕಪ್ಪು ಪಟ್ಟಿ, ಅದರ ಮೇಲೆ ಕೆಳಗೆ ಹುಲ್ಲಿನೆಳೆಗಳ ತುದಿಗೆ ಹೊಂಬಣ್ಣದ ಗೆರೆ. ಹುಡುಗ ಉಸಿರು ಬಿಟ್ಟರೆ ಹೊಟ್ಟಿನ ಸುಂಕು ಎದ್ದು ಆ ಬೆಳಕಲ್ಲಿ ತೇಲುತ್ತಿತ್ತು.

ಸೋಮವಾರ ಒಂದು ಸಿ.ಎಲ್. ಹಾಕಿದೆ. ಅವ್ವನಿಗೂ ಪೋಸ್ಟಾಫೀಸಿನಲ್ಲಿ ಪೆನ್ಶನ್ ಕೆಲಸ ಇತ್ತು, ಜೊತೆಗೆ ಬಂದಳು. ತೀರ್ಪುಗಾರರು ಬಂದರು. ಡೆಸ್ಕಿನ ಮುಂದೆ ನಿಂತು ಮೇಲಿನಿಂದಲೇ ನೋಡಿದರು. ಮೇಲಿನಿಂದ ನೋಡಿದರೆ ಎರಡೂ ಬಲ್ಬು ಉರಿಯುವುದು ಕಾಣುತ್ತೆ, ಒಂದು ರಟ್ಟು ಸೊಟ್ಟಗಿರುವುದೂ ಕಾಣುತ್ತೆ. "ಇದನ್ನ ನೆಟ್ಟಗೆ ಅಂಟಿಸ್ಬೇಕಿತ್ತಲ್ಲಪ್ಪ. ಫಿನಿಶಿಂಗ್ ಇಲ್ಲ," ಅಂದರು. "ಸಾರ್, ಅದು ಇರೋದೇ..." ಅನ್ನುವಷ್ಟರಲ್ಲಿ ಪಕ್ಕದ ಕನ್ನಂಬಾಡಿಯಿಂದ ಅವರ ಬೂಟಿಗೆ ನೀರು ಹರಿದು ಗಲಾಟೆಯಾಯಿತು. ಬಹುಮಾನ ಜ್ವಾಲಾಮುಖಿಗೆ ಹೋಯಿತು. ನನಗೆ ಕೆಂಡದಂಥ ಕೋಪ. ಆದರೆ ನಾನೂ ಮೇಷ್ಟ್ರಮ್ಮನೇ, ನೂರು ಮಾಡೆಲ್ಲಿನ ಮುಂದೆ ನಾನೆಷ್ಟು ಸಲ ಬಗ್ಗಿದ್ದೇನೆ ಅಂತ ಲೆಕ್ಕ ಹಾಕಿ ಸುಮ್ಮನಾದೆ.

ಆಗ ಅವ್ವ ಕೋಲೂರಿಕೊಂಡು ಡೆಸ್ಕಿನ ಹತ್ತಿರ ಬಂದಳು. ನಾಟಿ, ಕಳೆ ಅಂತ ಬಗ್ಗಿದ ಬೆನ್ನು ಈಗ ನೆಟ್ಟಗಾಗುವುದಿಲ್ಲ. ಅವಳ ಕಣ್ಣು ಸರಿಯಾಗಿ ಸಿಂಬೆಯ ಮಟ್ಟಕ್ಕೇ ಬಂತು.

"ಲೋ ಮಗ, ಈ ಕಡೆ ದೀಪ ಆರೋಗದೆ ಕಣ್ಲಾ."

"ಆರಿಲ್ಲಜ್ಜಿ. ಅಲ್ಲೇ ಅದೆ. ಸಿಂಬೆ ಮರೆಯಾಗದೆ ಅಷ್ಟೆ."

ಅವ್ವ ನಂಬಲಿಲ್ಲ. ಡೆಸ್ಕಿನ ಅಂಚು ಹಿಡಿದು ಕಷ್ಟಪಟ್ಟು ಮೇಲೆದ್ದು ಇಣುಕಿದಳು. "ಅಯ್, ಉರೀತಾ ಅದೆ!" ಮತ್ತೆ ಬಗ್ಗಿದಳು. "ಇಲ್ಲ." ಮತ್ತೆ ಎದ್ದಳು. ಜ್ವಾಲಾಮುಖಿ ನೋಡೋಕೆ ಸಾಲು ನಿಂತಿದ್ದ ಹುಡುಗಿಯರು ಈ ಅಜ್ಜಿ ಏನು ಮಾಡ್ತಿದೆ ಅಂತ ತಿರುಗಿ ನೋಡಿದರು. ಅವರಲ್ಲೊಬ್ಬಳು ಲಂಗ ಸರಿಮಾಡಿಕೊಂಡು ಅವ್ವನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.