ಕಾದಂಬರಿ ಎಲ್ಲಿಗೆ ಬಂತು: ಜುಬೈದಾಳ ಚೀಟಿ ದುಡ್ಡು

ಮೂರನೇ ಅಧ್ಯಾಯದ ಎರಡನೇ ಕರಡು ಮುಗಿಯಿತು. ಜಾಸ್ತಿ ಬದಲಾಗಿರುವುದು ಜುಬೈದಾ.

ಹೊಸದಾಗಿ ಓದುವವರಿಗೆ: ಕಥೆ ನಡೆಯುವುದು ಬಂಟ್ವಾಳದ ಹತ್ತಿರ, ಬೀಡಿ ಕಟ್ಟುವ ಒಂದು ಬ್ಯಾರಿ (ಕರಾವಳಿಯ ಮುಸ್ಲಿಂ ಸಮುದಾಯ) ಮನೆಯಲ್ಲಿ. ಜುಬೈದಾ ಆ ಮನೆಯ ಹೆಂಗಸು. ಬರೆಯುತ್ತಿರುವ ನಾನು ತಿಪಟೂರು ಕಡೆಯ ಹಿಂದೂ ಗಂಡಸು. ‘ನಿನಗ್ಯಾಕೆ ಈ ಉಸಾಬರಿ’ ಅಂತ ಕೇಳಿದವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಕರಾವಳಿಯ ಮುಸ್ಲಿಂ ಹೆಂಗಸರ ಬದುಕನ್ನು ಸಾರಾ ಅಬೂಬಕ್ಕರ್ 1980ರ ದಶಕದಲ್ಲೇ ಒಳಗಿನಿಂದ ಬರೆದಿದ್ದಾರೆ. ನನಗಾಗಿ ಯಾರೂ ಕಾಯುತ್ತಿಲ್ಲ. ಆದರೂ ಬಿಡಲು ಮನಸ್ಸಿಲ್ಲ.

ಅದಕ್ಕೇ ಎರಡು ಪುಸ್ತಕಗಳನ್ನು ಒಟ್ಟಿಗೆ ಮತ್ತೆ ಓದಿದೆ. ‘ಚೋಮನ ದುಡಿ’ 1933ರದ್ದು. ಕೋಟದ ಬ್ರಾಹ್ಮಣ ಮನೆತನದ ಶಿವರಾಮ ಕಾರಂತರು ಅದರಲ್ಲಿ ದಲಿತ ಜೀತದಾಳಿನ ಕಥೆ ಹೇಳಿದರು. ತಾನೇ ಬೇಸಾಯ ಮಾಡಬೇಕು ಅನ್ನುವುದು ಚೋಮನ ಹಠ. ಆ ಹಠಕ್ಕೇ ಅವನು ಇವತ್ತಿಗೂ ನೆನಪಲ್ಲಿದ್ದಾನೆ. ದಲಿತ ಸಮುದಾಯದವರೇ ಆದ ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ, ಕದ್ದು ತಂದ ಕಡ್ಲೆಕಾಯಿಯನ್ನು ಸಾಕವ್ವನ ಮನೆಮಂದಿಯೆಲ್ಲ ರಾತ್ರಿ ಕೂತು ತಿನ್ನುತ್ತಾರೆ. ಎಂಥ ಖುಷಿ ಆ ಪುಟಗಳಲ್ಲಿ! ಹಸಿದ ಮನೆಯಲ್ಲೂ ಇಷ್ಟು ಸಂಭ್ರಮ ಇರುತ್ತದೆ ಅಂತ ಹೊರಗಿನವನಿಗೆ ಸುಲಭಕ್ಕೆ ಹೊಳೆಯುವುದಿಲ್ಲ. ಕಾರಂತರಿಗೂ ಅಷ್ಟಾಗಿ ಹೊಳೆಯಲಿಲ್ಲ ಅನ್ನುವುದು ನನ್ನ ಲೆಕ್ಕ. ಜಗಳಕ್ಕೆ ಬರುವವರು ಬರಲಿ.

ಬೀಡಿ ಕಸುಬಿನ ವಿವರ ಕೇಳಿದರೆ ಯಾರಾದರೂ ಹೇಳುತ್ತಾರೆ. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹಾಕಿ ಸುತ್ತಿ, ನೂಲು ಕಟ್ಟಬೇಕು. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಸರಿಯಿಲ್ಲದ್ದನ್ನು ಬ್ರಾಂಚಿನಲ್ಲಿ, ಅಂದರೆ ಕಟ್ಟಿದ ಬೀಡಿ ಒಪ್ಪಿಸುವ ಜಾಗದಲ್ಲಿ, ತೆಗೆದುಹಾಕುತ್ತಾರೆ.

ಈ ಅಧ್ಯಾಯವನ್ನು ಗೆಳೆಯನ ತಾಯಿಗೆ ಓದಿ ಹೇಳಿದೆ. ಅವರು ವರ್ಷಗಟ್ಟಲೆ ಬೀಡಿ ಕಟ್ಟಿದವರು. ಎಲ್ಲ ಕೇಳಿ ಒಂದೇ ಮಾತು ಅಂದರು: “ಇಷ್ಟು ವರ್ಷ ಬೀಡಿ ಕಟ್ಟಿ ಒಂದು ಪವನ್ ಚಿನ್ನ ಸಹ ಮಾಡ್ಲಿಲ್ವಾ ಇವಳು?”

ಅಲ್ವಾ! ಮೊದಲ ಕರಡಿನ ಹಾಗೆ ಕೂತು ಕಣ್ಣೀರು ಹಾಕುವುದಕ್ಕೆ ಅವಳಿಗೆ ಪುರುಸೊತ್ತೆಲ್ಲಿದೆ? ಈಗ ಜುಬೈದಾ ಗಂಡನಿಗೆ ಗೊತ್ತಾಗದ ಹಾಗೆ ಚೀಟಿ ಹಾಕಿದ್ದಾಳೆ. ನಾದಿನಿ ಸಾಲ ಕೇಳಿದರೆ ಕೈಯಲ್ಲಿ ಒಂದು ರೂಪಾಯಿ ಇಲ್ಲ ಅಂತ ಸುಳ್ಳು ಹೇಳುತ್ತಾಳೆ. ಸ್ವಲ್ಪ ಜಿಪುಣಿ, ಬಾಯಿ ಜೋರು. ನನಗಂತೂ ಮೊದಲಿಗಿಂತ ಇವಳೇ ಇಷ್ಟ. ಪಾತ್ರ ಕೆಟ್ಟದಾಗಿ ಕಂಡರೆ ಇಡೀ ಸಮುದಾಯಕ್ಕೆ ಮಸಿ ಬಳಿದ ಹಾಗಾಗುತ್ತದಾ ಅನ್ನುವ ಅಳುಕು ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಬರೀ ಒಳ್ಳೆಯವಳಾಗಿ, ಬರೀ ನೊಂದವಳಾಗಿ ಇಟ್ಟರೆ ಅವಳು ಮನುಷ್ಯಳೇ ಅನ್ನಿಸುವುದಿಲ್ಲ.

‘ನಾನು’ ಅಂತ ಅವಳ ಬಾಯಲ್ಲೇ ಹೇಳಿಸುತ್ತಿದ್ದ ಭಾಗಗಳನ್ನು ‘ಅವಳು’ ಮಾಡಿದ್ದೇನೆ. ಬ್ಯಾರಿ ಭಾಷೆ ಮಾತಾಡುವ ಮನೆ, ಸುಮ್ನೆ ಮಂಗಳೂರು ಕನ್ನಡದ ಅಣಕು ಬೇಡ ಅಂತ ಸಂಭಾಷಣೆಯನ್ನು ಸಾದಾ ಕನ್ನಡದಲ್ಲೇ ಇಟ್ಟಿದ್ದೇನೆ.

ನಾಲ್ಕನೆಯದು ಮಗಳ ಮದುವೆ. ಅದರಲ್ಲಿ ಹೆಂಗಸರ ಕಡೆಯ ಗಲಾಟೆ ಬೇಕು, ಅಲ್ಲಿ ನಾನು ಹೋಗಿ ಕೂರುವ ಹಾಗಿಲ್ಲ. “ರಂಜಾನ್ ಮುಗೀಲಿ, ಹೇಳ್ತೇನೆ” ಅಂದಿದ್ದಾರೆ ಗೆಳೆಯನ ತಾಯಿ. ಅಲ್ಲಿಯವರೆಗೆ ಐದನೇ ಅಧ್ಯಾಯ, ಬ್ರಾಂಚಿನ ಜಗಳ, ಶುರು ಮಾಡುತ್ತೇನೆ.