ಪಿಎಸ್5 ತಗೊಂಡ್ರ ಕಾಲ್ ಆಫ್ ಡ್ಯೂಟಿ ನಾಳೆ ಬಂದ್ ಆಗ್ತದೇನ್ರಿ?

ಕಲಬುರಗಿಯಲ್ಲಿ ಕನ್ಸೋಲ್ ಕೊಳ್ಳಲು ಹೊರಟವರೆಲ್ಲ ಕೇಳುವ ಪ್ರಶ್ನೆ ಇದು. ಪಿಎಸ್5 (ಪ್ಲೇಸ್ಟೇಷನ್ 5) ಸೋನಿಯದು, ಎಕ್ಸ್‌ಬಾಕ್ಸ್ ಮೈಕ್ರೋಸಾಫ್ಟ್‌ನದು. ಕಾಲ್ ಆಫ್ ಡ್ಯೂಟಿ ತಯಾರಿಸುವ ಆ್ಯಕ್ಟಿವಿಷನ್ ಬ್ಲಿಜಾರ್ಡ್ ಈಗ ಮೈಕ್ರೋಸಾಫ್ಟ್ ಕೈಯಲ್ಲಿದೆ, ಅದರ ಆಟಗಳು ಎಕ್ಸ್‌ಬಾಕ್ಸ್‌ಗೇ ಮೀಸಲಾದರೆ ಹೇಗೆ ಎಂಬ ಅಂಜಿಕೆ.

ಬಂದ್ ಆಗುವುದಿಲ್ಲ. 6,870 ಕೋಟಿ ಡಾಲರ್‌ನ ಆ ವ್ಯವಹಾರ ಮುಗಿದದ್ದು 2023ರ ಅಕ್ಟೋಬರ್‌ನಲ್ಲಿ. ಕಾಲ್ ಆಫ್ ಡ್ಯೂಟಿಯನ್ನು ಪ್ಲೇಸ್ಟೇಷನ್‌ನಲ್ಲಿ ಉಳಿಸಲು ಅದೇ ವರ್ಷದ ಜುಲೈನಲ್ಲೇ ಸೋನಿ ಜತೆ 10 ವರ್ಷದ ಕರಾರು ಆಗಿತ್ತು. ಕರಾರಿಗಿಂತ ಗಟ್ಟಿಯಾದದ್ದು ದುಡ್ಡಿನ ಲೆಕ್ಕ: ಆನ್‌ಲೈನ್ ಆಟದ ಗಳಿಕೆ ಜನಜಂಗುಳಿಯಿಂದ ಬರುತ್ತದೆ, ಪ್ಲೇಸ್ಟೇಷನ್‌ನವರನ್ನು ಹೊರಗಟ್ಟಿದರೆ ನಷ್ಟ ಮಾಲೀಕನಿಗೇ. ಮೈಕ್ರೋಸಾಫ್ಟ್ 2014ರಲ್ಲಿ 250 ಕೋಟಿ ಡಾಲರ್‌ಗೆ ಕೊಂಡ ಮೈನ್‌ಕ್ರಾಫ್ಟ್ ಇವತ್ತಿಗೂ ಎಲ್ಲ ಕಡೆ ಸಿಗುತ್ತದೆ. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಕೊನೆಗೆ ಅಡ್ಡಿ ಹಾಕಿದ್ದೂ ಕನ್ಸೋಲ್ ವಿಚಾರಕ್ಕಲ್ಲ, ಕ್ಲೌಡ್ ಗೇಮಿಂಗ್‌ಗೆ, ಅಂದರೆ ದೂರದ ಸರ್ವರ್‌ನಲ್ಲಿ ಓಡುವ ಆಟವನ್ನು ಇಂಟರ್ನೆಟ್ ಮೂಲಕ ಆಡುವುದಕ್ಕೆ. ಆ ಹಕ್ಕುಗಳನ್ನು ಯೂಬಿಸಾಫ್ಟ್ ಎಂಬ ಇನ್ನೊಂದು ಗೇಮ್ ಕಂಪನಿಗೆ ಮಾರಿದ ಮೇಲಷ್ಟೇ ಒಪ್ಪಿಗೆ ಸಿಕ್ಕಿತು.

ಒಂದೇ ಕಂಪನಿಯ ಬೇಲಿಯೊಳಗೆ ಹೋಗುವುದು ಸಾಮಾನ್ಯವಾಗಿ ಒಬ್ಬರೇ ಆಡುವ ದೊಡ್ಡ ಆಟಗಳು. ಗೇಮ್ ಕಂಪನಿ ಬೆಥೆಸ್ಡಾವನ್ನು ಮೈಕ್ರೋಸಾಫ್ಟ್ ಕೊಂಡ ಬಳಿಕ ಅದರ ಸ್ಟಾರ್‌ಫೀಲ್ಡ್ 2023ರಲ್ಲಿ ಬಂದದ್ದು ಎಕ್ಸ್‌ಬಾಕ್ಸ್, ಪಿಸಿಗೆ ಮಾತ್ರ. ಆದರೆ ಆ ಬೇಲಿಯೂ ಸಡಿಲವಾಗಿದೆ: ಮೈಕ್ರೋಸಾಫ್ಟ್‌ನದೇ ಫೋರ್ಜಾ ಹೊರೈಜನ್ 5 ಸುಮಾರು ಮೂರೂವರೆ ವರ್ಷ ತಡವಾಗಿ ಪಿಎಸ್5ಗೆ ಬಂತು, ಹೊಸ ಡೂಮ್ 2025ರಲ್ಲಿ ಮೊದಲ ದಿನವೇ ಬಂತು. ಸೋನಿಯ ಗಾಡ್ ಆಫ್ ವಾರ್ ಮಾತ್ರ ಎಕ್ಸ್‌ಬಾಕ್ಸ್ ಕಡೆ ತಲೆ ಹಾಕಿಲ್ಲ. ಗೋಡೆ ದಪ್ಪ ಇರುವುದು ಅಲ್ಲಿ, ಬೈಗುಳ ತಿನ್ನುವುದು ಇನ್ನೊಬ್ಬರು!

ವಿಲೀನದ ನಿಜವಾದ ಪೆಟ್ಟು ಬೀಳುವುದು ಸ್ಟುಡಿಯೋಗಳಿಗೆ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್‌ನ ಗೇಮಿಂಗ್ ವಿಭಾಗದಲ್ಲಿ 1,900 ಜನ ಕೆಲಸ ಕಳೆದುಕೊಂಡರು. ಮೇನಲ್ಲಿ ಬೆಥೆಸ್ಡಾದ ಆರ್ಕೇನ್ ಆಸ್ಟಿನ್ ಸ್ಟುಡಿಯೋ ಮುಚ್ಚುವ ಘೋಷಣೆ ಬಂತು.

ಹಾಗಾಗಿ ಆಟ ಬಂದ್ ಆಗುವ ಅಂಜಿಕೆ ಬಿಡಿ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಬಾಕ್ಸ್ ಕೈಗೆತ್ತಿಕೊಂಡಾಗ ಮೊದಲು ನೋಡಬೇಕಾದದ್ದು ಡಿಸ್ಕ್ ಡ್ರೈವ್. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಅದು ಇಲ್ಲ, ಮುಂದೆ ಜೋಡಿಸಲೂ ಬರುವುದಿಲ್ಲ. ಡಿಸ್ಕ್ ಇಲ್ಲದೆ ಇಳಿಸಿಕೊಳ್ಳುವ ಡಿಜಿಟಲ್ ಆಟ ನಿಮ್ಮ ಖಾತೆಗೆ ಅಂಟಿರುತ್ತದೆ. ಆಡಿ ಮುಗಿಸಿ ಮಾರಲಾಗದು, ಗೆಳೆಯನ ಜತೆ ಅದಲುಬದಲೂ ಆಗದು. ಚಂದಾ ಕಟ್ಟಿ ಆಡುವ ಮೈಕ್ರೋಸಾಫ್ಟ್‌ನ ಗೇಮ್ ಪಾಸ್ ಇನ್ನೊಂದು ಥರ: ಚಂದಾ ನಿಂತ ದಿನ ಅದರಲ್ಲಿನ ಆಟವೂ ನಿಲ್ಲುತ್ತದೆ. 100 ಜಿಬಿ ಆಟ ಇಳಿಸಲು 50 ಎಂಬಿಪಿಎಸ್ ವೇಗದ ಇಂಟರ್ನೆಟ್‌ನಲ್ಲಿ ಸುಮಾರು ನಾಲ್ಕೂವರೆ ತಾಸು, ನಡುವೆ ಕರೆಂಟ್ ಹೋಗದಿದ್ದರೆ.

ದುಡ್ಡು ಕಡಿಮೆ ಬಿದ್ದರೆ ಪಿಎಸ್5 ಸ್ಲಿಮ್ ಡಿಜಿಟಲ್ ತಗೊಂಡು ಡ್ರೈವನ್ನು ಆಮೇಲೆ ಸೇರಿಸಬಹುದು. 2020ರ ಹಳೆಯ ಡಿಜಿಟಲ್ ಮಾದರಿಗೆ ಅದು ಕೂಡುವುದಿಲ್ಲ. ಡ್ರೈವ್ ಜೋಡಿಸುವಾಗ ಒಮ್ಮೆ ಇಂಟರ್ನೆಟ್ ಬೇಕೇ ಬೇಕು.